“ಬುದ್ಧಿವಂತಿಕೆಯ ಶೇ. 50 ಹುಟ್ಟಿನಿಂದಲೇ ಬರುತ್ತದೆ” ಎನ್ನುವ ಫಾರ್ವರ್ಡ್‌: ಅವಳಿ ಮಕ್ಕಳ ಅಧ್ಯಯನ ನಿಜಕ್ಕೂ ಹೇಳುವುದೇನು?

“ಬುದ್ಧಿಯ ಅರ್ಧ ಭಾಗ ಹುಟ್ಟಿನಿಂದಲೇ ಬರುತ್ತದೆ, ಆದ್ದರಿಂದ ಕೆಲವು ಜನಾಂಗದವರು ಹುಟ್ಟಾ ಜಾಣರು” ಎನ್ನುವ ಧಾಟಿಯ ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ನಿಮಗೂ ಬಂದಿರಬಹುದು. ಇಂತಹ ಲೆಕ್ಕಗಳಿಗೆ ಮುಖ್ಯ ಮೂಲ ಅವಳಿ ಮಕ್ಕಳ ಅಧ್ಯಯನಗಳು. ಅಧ್ಯಯನಗಳು ನಿಜ. ಆದರೆ “ಆದ್ದರಿಂದ” ಎಂದು ಸೇರಿಸಿದ ಮಾತು ಸರಿಯೇ? ನೋಡೋಣ.

ಲೆಕ್ಕ ಹಾಕುವುದು ಹೇಗೆ?

ಒಂದೇ ಭ್ರೂಣ ಒಡೆದು ಹುಟ್ಟಿದ ತದ್ರೂಪಿ ಅವಳಿಗಳ ಜೀನ್‌ಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಎರಡು ಅಂಡಾಣುಗಳಿಂದ ಹುಟ್ಟಿದ ಅವಳಿಗಳಲ್ಲಿ ಹೋಲಿಕೆ ಒಡಹುಟ್ಟಿದವರಷ್ಟೇ. ಎರಡೂ ಬಗೆಯ ಜೋಡಿಗಳು ಬೆಳೆಯುವುದು ಒಂದೇ ಮನೆಯಲ್ಲಿ. ಯಾವುದೋ ಗುಣದಲ್ಲಿ ತದ್ರೂಪಿಗಳು ಹೆಚ್ಚು ಹೋಲುತ್ತಿದ್ದರೆ, ಆ ಹೆಚ್ಚುವರಿ ಹೋಲಿಕೆಯಿಂದ ಜೀನ್‌ಗಳ ಪಾಲನ್ನು ಅಂದಾಜಿಸುತ್ತಾರೆ. ಎರಡೂ ಬಗೆಯ ಜೋಡಿಗಳು ಸಮಾನವಾಗಿ ಹೋಲುತ್ತಿದ್ದರೆ, ಕಾರಣ ಮನೆಯ ಪರಿಸರ ಎನ್ನುತ್ತಾರೆ.

ಇಲ್ಲಿ ಒಂದು ಮಾತು ಮರೆಯಬಾರದು. ಶೇ. 50 ಎಂದರೆ ನಿಮ್ಮ ಮಗುವಿನ ಬುದ್ಧಿಯ ಅರ್ಧ ಭಾಗ ಎಂದಲ್ಲ. ಅಧ್ಯಯನಕ್ಕೆ ಒಳಗಾದ ಗುಂಪಿನಲ್ಲಿ ಜನರ ನಡುವೆ ಇರುವ ವ್ಯತ್ಯಾಸದ ಅರ್ಧ ಪಾಲು ಎಂದು ಅರ್ಥ.

ಗುಂಪು ಬದಲಾದರೆ?

ಸಂಖ್ಯೆಯೂ ಬದಲಾಗಬಹುದು. ಅಮೆರಿಕದ ಮನೋವಿಜ್ಞಾನಿ ಎರಿಕ್ ಟರ್ಕ್‌ಹೈಮರ್ ಮತ್ತು ಸಂಗಡಿಗರು 7 ವರ್ಷದ ಅವಳಿಗಳ ಐಕ್ಯೂ ಅಂಕಗಳನ್ನು ಪರಿಶೀಲಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಡ ಕುಟುಂಬಗಳಲ್ಲಿ ವ್ಯತ್ಯಾಸದ ಸುಮಾರು ಶೇ. 60 ಪಾಲು ಮನೆಯ ಪರಿಸರದ್ದು, ಜೀನ್‌ಗಳದ್ದು ಸೊನ್ನೆಗೆ ಹತ್ತಿರ. ಸ್ಥಿತಿವಂತರಲ್ಲಿ ಬಹುತೇಕ ಇದರ ತಿರುವುಮುರುವು. ಊಟ, ಪುಸ್ತಕ, ಪಾಠ ಎಲ್ಲ ಮಕ್ಕಳಿಗೂ ಸಿಕ್ಕಿದಾಗ ಪರಿಸರದ ವ್ಯತ್ಯಾಸ ಕುಗ್ಗಿ, ಜೀನ್‌ಗಳ ಪಾಲು ದೊಡ್ಡದಾಗಿ ಕಾಣುತ್ತದೆ ಎಂಬುದು ಇದಕ್ಕೆ ಒಂದು ವಿವರಣೆ.

ಇದೇ ಕೊನೆಯ ಮಾತಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಈ ಬಡವ-ಬಲ್ಲಿದ ಅಂತರ ಅಮೆರಿಕದಲ್ಲಿ ಕಂಡಿತು. ಪಶ್ಚಿಮ ಯುರೋಪ್ ಮತ್ತು ಆಸ್ಟ್ರೇಲಿಯಾದಲ್ಲಿ ಕಾಣಲಿಲ್ಲ. ಅಂದರೆ ಒಂದು ದೇಶದ ಲೆಕ್ಕವನ್ನು ಇನ್ನೊಂದು ದೇಶಕ್ಕೆ ಹಾಗೆಯೇ ಅಂಟಿಸುವಂತಿಲ್ಲ.

ಹಾಗಾದರೆ ಜನಾಂಗಗಳ ನಡುವಿನ ವ್ಯತ್ಯಾಸ?

ಇದಕ್ಕೆ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ 1970ರಲ್ಲಿ ಬೀಜದ ಉದಾಹರಣೆ ಕೊಟ್ಟಿದ್ದರು. ಅದನ್ನು ನಮ್ಮ ರಾಗಿಗೆ ಹೊಂದಿಸಿ ನೋಡೋಣ. ಹಲವು ತಳಿ ಬೆರೆತ ಒಂದೇ ಚೀಲದಿಂದ ಎರಡು ಹಿಡಿ ಬೀಜ ತೆಗೆದು, ಒಂದನ್ನು ಫಲವತ್ತಾದ ಮಡಿಯಲ್ಲಿ, ಇನ್ನೊಂದನ್ನು ಬರಡು ಮಡಿಯಲ್ಲಿ ಬಿತ್ತಿ. ಒಂದೇ ಮಡಿಯ ಪೈರುಗಳ ಎತ್ತರ ಬೇರೆಬೇರೆಯಾಗಿದ್ದರೆ ಕಾರಣ ಬೀಜ. ಆದರೆ ಎರಡು ಮಡಿಗಳ ನಡುವಿನ ಅಂತರಕ್ಕೆ ಕಾರಣ ಮಣ್ಣು. ಹಾಗೆಯೇ, ಗುಂಪಿನ ಒಳಗಿನ ಲೆಕ್ಕ ಎಷ್ಟೇ ದೊಡ್ಡದಿದ್ದರೂ ಗುಂಪುಗಳ ನಡುವಿನ ಅಂತರಕ್ಕೆ ಅದು ಪುರಾವೆಯಲ್ಲ.

ಫಾರ್ವರ್ಡ್ ಮಾಡುವ ಮುನ್ನ

“ಹುಟ್ಟಿದ್ದೇ ಹೀಗೆ” ಎಂದು ನಂಬಿದರೆ ಮಗುವಿನ ಊಟಕ್ಕೆ, ಶಾಲೆಗೆ ಮಾಡುವ ಖರ್ಚು ದಂಡ ಅನ್ನಿಸಿಬಿಡುತ್ತದೆ. ಹಾಗಾಗಿ ಇಂತಹ ಸಂದೇಶ ಬಂದರೆ ಎರಡು ಪ್ರಶ್ನೆ ಕೇಳಿ: ಈ ಲೆಕ್ಕ ಯಾವ ಗುಂಪಿನದು? ಅದು ಗುಂಪಿನ ಒಳಗಿನ ವ್ಯತ್ಯಾಸವೋ, ಗುಂಪುಗಳ ನಡುವಿನದೋ? ಉತ್ತರ ಸಂದೇಶದಲ್ಲಿ ಇಲ್ಲದಿದ್ದರೆ ಅದನ್ನು ಮುಂದೆ ಕಳಿಸಬೇಡಿ.