ಅಜ್ಜಿಯ ಉಪ್ಸಾರು ಮತ್ತು ಪೌಂಡು ಗುರುತು

ಮಕ್ಕಳೇ, ಕಳೆದ ತಿಂಗಳು ನಂಜನಗೂಡಿನಿಂದ ಮೊಮ್ಮಗಳು ಫೋನ್ ಮಾಡಿದಳು. "ತಾತ, ಅಜ್ಜಿ ಉಪ್ಸಾರು ಮಾಡೋದನ್ನ ಬರೆದಿಟ್ಟಿದ್ದೀಯಂತಲ್ಲ, ಕಳಿಸು."

ನಮ್ಮಾಕೆ ತೀರಿಕೊಂಡು ಆರು ವರ್ಷ. ಆಕೆ ಹೇಳಿದ್ದನ್ನು ತಿ. ನರಸೀಪುರದ ಮನೆಯಲ್ಲಿ ಕೂತು 2003ರಲ್ಲಿ ಕಂಪ್ಯೂಟರಿನಲ್ಲಿ ಟೈಪು ಮಾಡಿದ್ದೆ. ಮಸೊಪ್ಪು, ಬಸ್ಸಾರು, ಉಪ್ಸಾರಿನ ಖಾರ, ಎಲ್ಲ ಸೇರಿ 16 ಪುಟ. ಕಾಗದದ ಮೇಲೆ ಎಲ್ಲೂ ಇಲ್ಲ. ಕಳಿಸಿದೆ.

ಹತ್ತು ನಿಮಿಷಕ್ಕೆ ಮತ್ತೆ ಫೋನು. "ತಾತ, ಇದರಲ್ಲಿ ಕನ್ನಡವೇ ಇಲ್ಲ! ಬರೀ ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡು ಗುರುತು." ನನ್ನ ಎದೆ ಧಸಕ್ಕೆಂದಿತು. ಭಾನುವಾರ ಬಸ್ಸು ಹತ್ತಿದೆ.

ಗುಟ್ಟು ಅಲ್ಲಿ ತಿಳಿಯಿತು. ಆಗಿನ ತಂತ್ರಾಂಶ ಕನ್ನಡದ ಅಕ್ಷರವನ್ನು ಉಳಿಸುತ್ತಿರಲಿಲ್ಲ, ತೆರೆಯ ಮೇಲೆ ಕಾಣುವ ಚಿತ್ರದ ತುಂಡುಗಳನ್ನು ಉಳಿಸುತ್ತಿತ್ತು. ಇಂಗ್ಲಿಷಿನ 'ಪಿ' ಮನೆಯಲ್ಲಿ ತಲೆಕಟ್ಟಿಲ್ಲದ ಕ, ಇನ್ನೊಂದು ಮನೆಯಲ್ಲಿ ಬರೀ ತಲೆಕಟ್ಟು! ನ ಇದ್ದದ್ದು ಪೌಂಡು ಗುರುತಿನ ಮನೆಯಲ್ಲಿ. 'ಕನ್ನಡ' ಎಂಬ ಪದಕ್ಕೆ ಏಳು ತುಂಡು. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡು. ಬೈಯುವಂತಿಲ್ಲ, ಕನ್ನಡ ಅರಿಯದ ಕಂಪ್ಯೂಟರಿನಲ್ಲಿ ಕನ್ನಡ ಬರೆಸಲು ಹೂಡಿದ ಉಪಾಯ ಅದು.

ಯೂನಿಕೋಡಿನಲ್ಲಿ ಹಾಗಲ್ಲ. ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ. ಕ ಅಂದರೆ 3221, ನ ಅಂದರೆ 3240. ಒಳಗೆ ಉಳಿಯುವುದು ಸಂಖ್ಯೆ ಮಾತ್ರ. ಹೇಗೆ ಕಾಣಬೇಕೆಂಬುದು ಫಾಂಟಿನ ಕೆಲಸ. ಅದಕ್ಕೇ ಮೊಮ್ಮಗಳ ಫೋನಿನಲ್ಲಿ ಸಾಸಿವೆಯಷ್ಟಿರುವ ಅಕ್ಷರ ನನ್ನ ಫೋನಿನಲ್ಲಿ ಅವರೆಕಾಳಿನಷ್ಟಾದರೂ ಬರಹ ಬದಲಾಗದು. ಕಣ್ಣು ಕಾಣದವರಿಗೆ ಅದನ್ನೇ ಯಂತ್ರ ಓದಿ ಹೇಳುತ್ತದೆ.

ಹಳೆಯದನ್ನು ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳಿವೆ. ಹಾಕಿದೆವು. ಕನ್ನಡ ಬಂತು, ಆದರೆ 'ಅರ್ಧ ಹಿಡಿ ತೊಗರಿಬೇಳೆ' ಎಂಬುದು 'ಅಧರ್ ಹಿಡಿ' ಆಗಿತ್ತು. ಅರ್ಕಾವೊತ್ತು ಕಾಣುವುದು ಧ ಆದ ಮೇಲೆ, ಉಚ್ಚಾರದಲ್ಲಿ ಬರುವುದು ಧಕ್ಕೆ ಮೊದಲು, ನೋಡಿ. ಚಿತ್ರದ ಸಾಲಿನಲ್ಲಿದ್ದದ್ದನ್ನು ಮಾತಿನ ಸಾಲಿಗೆ ತರುವಾಗ ತಂತ್ರಾಂಶ ಎಡವಿತ್ತು. ನಾನು ಓದುತ್ತಾ ಹೋದೆ, ಅವಳು ತಿದ್ದುತ್ತಾ ಹೋದಳು. ಸಂಜೆಯಾಯಿತು. ಅಜ್ಜ ಅಜ್ಜಿಯರೇ, ನಿಮ್ಮ ಹಳೆಯ ಕಡತಗಳನ್ನೂ ಒಮ್ಮೆ ತೆರೆದು ನೋಡಿ, ತಪ್ಪು ಹಿಡಿಯಲು ನೀವೇ ಬೇಕು.

ಕೊನೆಯ ಪುಟದಲ್ಲಿ ಉಪ್ಪಿನ ಮುಂದೆ ಅಳತೆಯೇ ಇರಲಿಲ್ಲ. "ಇದೂ ಫಾಂಟಿನ ತಪ್ಪಾ, ತಾತ?" ಎಂದಳು.

"ಇಲ್ಲ ಕಂದ, ನಿಮ್ಮಜ್ಜಿ ಯಾವತ್ತೂ ಅಳತೆ ಹೇಳಲಿಲ್ಲ."