ಇಟ್ಟ ಜಾಗದಲ್ಲೇ ಇರಲಿ

ಯಾವುದಾದರೂ ಡಿಟಿಪಿ ಅಂಗಡಿಗೆ ಹೋಗಿ, ಮೂರು ವರ್ಷದ ಹಿಂದೆ ಮಾಡಿಸಿದ್ದ ಗೃಹಪ್ರವೇಶದ ಆಮಂತ್ರಣ ಮತ್ತೆ ಬೇಕಿತ್ತು ಎಂದು ಕೇಳಿ ನೋಡಿ. ಆಪರೇಟರ್ ಸರ್ಚ್ ಚೌಕದ ಕಡೆ ತಿರುಗಿಯೂ ನೋಡುವುದಿಲ್ಲ. ಡಿ ಡ್ರೈವ್, ಅದರೊಳಗೊಂದು ಫೋಲ್ಡರ್, ಅದರೊಳಗೆ ಇನ್ನೊಂದು. ಪುಟ್ಟ ಚಿತ್ರಗಳ ಸಾಲನ್ನು ಸರಸರನೆ ಉರುಳಿಸುತ್ತ, “ಹಳದಿ ಬಾರ್ಡರಿಂದಲ್ವಾ ಸಾರ್?” ಎಂದು ತೆಗೆದೇ ಬಿಡುತ್ತಾರೆ. ಫೈಲಿನ ಹೆಸರು ಮರೆತಿದೆ, ತಾರೀಖೂ ಮರೆತಿದೆ. ಜಾಗ ಮತ್ತು ಬಣ್ಣ ಮಾತ್ರ ನೆನಪಿದೆ.

ಸರ್ಚ್ ಬಳಸದಿರುವುದಕ್ಕೆ ಕನ್ನಡದ್ದೇ ಆದ ಕಾರಣವೂ ಒಂದಿದೆ. ನುಡಿ, ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಕೂತಿರುವುದು ರೋಮನ್ ಅಕ್ಷರ, ಚಿಹ್ನೆಗಳ ಸಂಕೇತ. ಯೂನಿಕೋಡ್ ಕನ್ನಡದಲ್ಲಿ ಪದ ಕೊಟ್ಟು ಹುಡುಕಿದರೆ ಆ ಫೈಲು ಸಿಗುವುದಿಲ್ಲ. ಆದರೆ ಈ ತೊಡಕೆಲ್ಲ ನಾಳೆಯೇ ಬಗೆಹರಿದರೂ ಆಪರೇಟರ್ ಹುಡುಕುವ ರೀತಿ ಹೆಚ್ಚು ಬದಲಾಗದು ಎಂಬುದು ನನ್ನ ವಾದ. ಪದ ಕೊಟ್ಟು ಹುಡುಕಲು ಪದ ನೆನಪಿರಬೇಕು. ಕಂಡದ್ದನ್ನು ಗುರುತಿಸಲು ಅಷ್ಟು ಶ್ರಮ ಬೇಕಿಲ್ಲ.

ಈ ಶಕ್ತಿಯನ್ನು ಕಂಪ್ಯೂಟರಿಗೆ ಒಗ್ಗಿಸುವ ಮೊದಲ ದೊಡ್ಡ ಪ್ರಯತ್ನ ನಡೆದದ್ದು 1970ರ ದಶಕದ ಕೊನೆಯಲ್ಲಿ, ಅಮೆರಿಕದ ಎಂಐಟಿಯಲ್ಲಿ. ನಿಕೋಲಸ್ ನೆಗ್ರೊಪಾಂಟೆ ಮತ್ತು ರಿಚರ್ಡ್ ಬೋಲ್ಟ್ ಅವರ ತಂಡ ಗೋಡೆಯಗಲದ ಪರದೆಯ ಮುಂದೆ ಒಂದು ಕುರ್ಚಿ ಹಾಕಿ, ಅದರ ಕೈಗಳಿಗೆ ಜಾಯ್‌ಸ್ಟಿಕ್ ಕೂರಿಸಿತು. ಕಾಗದ, ಚಿತ್ರ, ನಕ್ಷೆಗಳೆಲ್ಲ ‘ಡೇಟಾಲ್ಯಾಂಡ್’ ಎಂಬ ಬಯಲಿನಲ್ಲಿ ಹರಡಿಕೊಂಡಿದ್ದವು. ಕೂತವರು ಅದರ ಮೇಲೆ ತೇಲಿದಂತೆ ಸಾಗಿ, ಬೇಕಾದ ಕಡೆ ಇಳಿಯಬಹುದಿತ್ತು. ಇಡೀ ಬಯಲಿನ ಚಿಕ್ಕ ನೋಟ ಪಕ್ಕದ ಇನ್ನೊಂದು ಪರದೆಯಲ್ಲಿ ಸದಾ ಕಾಣುತ್ತಿತ್ತು.

ಇದು ಬರೀ ಪ್ರದರ್ಶನದ ವಸ್ತುವಲ್ಲ ಎಂಬುದಕ್ಕೆ ಪುರಾವೆ ಸಿಕ್ಕಿದ್ದು 1998ರಲ್ಲಿ. ಮೈಕ್ರೋಸಾಫ್ಟ್ ರಿಸರ್ಚ್‌ನವರು ‘ಡೇಟಾ ಮೌಂಟನ್’ ಎಂಬ ಇಳಿಜಾರಿನ ಚಿತ್ರ ಮಾಡಿ, 100 ವೆಬ್ ಪುಟಗಳ ಕಿರುಚಿತ್ರಗಳನ್ನು ನಿಮಗೆ ತೋಚಿದಲ್ಲಿ ಇಡಿ ಎಂದು ಜನರಿಗೆ ಕೊಟ್ಟರು. ಆಮೇಲೆ ಒಂದೊಂದೇ ಪುಟ ಹುಡುಕಿಸಿದಾಗ, ಇಂಟರ್ನೆಟ್ ಎಕ್ಸ್‌ಪ್ಲೋರರಿನ ಫೇವರಿಟ್ಸ್ ಪಟ್ಟಿಗಿಂತ ಬೇಗ ಸಿಕ್ಕವು. ಕೆಲವು ತಿಂಗಳ ಬಳಿಕ ಅದೇ ಜನರನ್ನು ಮತ್ತೆ ಕರೆಸಿದರೂ ಅವರ ವೇಗ ಕುಗ್ಗಿರಲಿಲ್ಲ.

ಹಾಗೆಂದು ಜಾಗದ ನೆನಪೇ ಸರ್ವಸ್ವವಲ್ಲ. ವಿಲಿಯಂ ಜೋನ್ಸ್ ಮತ್ತು ಸೂಸನ್ ಡುಮೇ 1986ರಲ್ಲೇ ಇದನ್ನು ಪರೀಕ್ಷಿಸಿ, ಜಾಗವೊಂದನ್ನೇ ನಂಬಿದರೆ ಹೆಸರಿನಷ್ಟು ನಿಖರವಾಗಿ ವಸ್ತು ಸಿಗುವುದಿಲ್ಲ ಎಂದು ತೋರಿಸಿದ್ದರು. ಪರದೆಗೆ ಆಳ ಕೊಟ್ಟರೆ ನೆನಪು ಹೆಚ್ಚುತ್ತದೆ ಎಂಬ ಆಸೆಯೂ ಫಲಿಸಲಿಲ್ಲ. ನ್ಯೂಜಿಲೆಂಡಿನ ಆಂಡಿ ಕಾಕ್‌ಬರ್ನ್ ಮತ್ತು ಬ್ರೂಸ್ ಮೆಕೆಂಜಿ ಚಪ್ಪಟೆ ಪರದೆಯನ್ನೂ ಮೂರು ಆಯಾಮದ್ದನ್ನೂ ಹೋಲಿಸಿದಾಗ, ಆಯಾಮ ಹೆಚ್ಚಿದಂತೆ ಜನ ಹುಡುಕುವುದು ನಿಧಾನವಾಯಿತು. ಕನ್ನಡಕ ತೊಡಿಸಿ ಕಚೇರಿಯನ್ನೇ ಗಾಳಿಯಲ್ಲಿ ತೇಲಿಸುತ್ತೇವೆ ಎನ್ನುವವರು ಇದನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಡೇಟಾ ಮೌಂಟನ್ ಗೆದ್ದದ್ದು ಯಾಕೆ? ಇಳಿಜಾರಿನಿಂದಲ್ಲ, ಜನ ತಾವೇ ಇಟ್ಟದ್ದರಿಂದ ಎಂದು ನನಗನ್ನಿಸುತ್ತದೆ. ಅಡಿಗೆಮನೆಯಲ್ಲಿ ಸಾಸಿವೆ ಡಬ್ಬಿ ಕತ್ತಲಲ್ಲೂ ಕೈಗೆ ಸಿಗುವುದು ಶೆಲ್ಫಿನ ಗುಣದಿಂದಲ್ಲ, ದಿನಾ ಅಲ್ಲೇ ಇಟ್ಟ ಕೈಯ ರೂಢಿಯಿಂದ. ಬೇರೆಯವರು ಬಂದು ಡಬ್ಬಿಗಳನ್ನು ಓರಣವಾಗಿ ಜೋಡಿಸಿಟ್ಟು ಹೋದರೆ ಗೊತ್ತಾಗುತ್ತದೆ ಆ ಓರಣದ ಬೆಲೆ.

ಇವತ್ತಿನ ತಂತ್ರಾಂಶಗಳು ಮಾಡುತ್ತಿರುವುದು ಈ ಉಪಕಾರವನ್ನೇ. ಇತ್ತೀಚಿನದು ಮೇಲೆ, ಹೆಚ್ಚು ಬಳಸಿದ್ದು ಮುಂದೆ, ‘ನಿಮಗಾಗಿ ಆಯ್ದ ನೆನಪುಗಳು’ ಮಧ್ಯೆ. ಕೆಳಗೆ ಎಡಕ್ಕಿದ್ದ ಫೋಟೋ ನಾಳೆ ಅಲ್ಲಿರುವುದಿಲ್ಲ. ಜಾಗ ಕಲಿಯಲು ಕಣ್ಣಿಗೆ ಅವಕಾಶವೇ ಇಲ್ಲ. ಆಮೇಲೆ, ನೋಡಿ ಜನ ಸರ್ಚನ್ನೇ ಇಷ್ಟಪಡುತ್ತಾರೆ ಎಂಬ ತೀರ್ಮಾನ ಬೇರೆ!

ಹುಡುಕುವುದಕ್ಕಷ್ಟೇ ಜಾಗ ಬೇಕಾಗಿಲ್ಲ. ಕಚೇರಿಯ ಮೇಜುಗಳನ್ನು ಅಧ್ಯಯನ ಮಾಡಿದ ಥಾಮಸ್ ಮಲೋನ್ 1983ರಲ್ಲಿ ಗಮನಿಸಿದ ಹಾಗೆ, ಮೇಜಿನ ಮೇಲಿನ ಕಾಗದದ ರಾಶಿ ಬಾಕಿ ಕೆಲಸವನ್ನು ನೆನಪಿಸಲೂ ಇರುತ್ತದೆ. ಪರದೆಯ ಮೂಲೆಯಲ್ಲಿ ಬಿಟ್ಟಿರುವ ಅರ್ಜಿಯ ಫೈಲು ‘ನನ್ನನ್ನು ತುಂಬು’ ಎನ್ನುತ್ತಿರುತ್ತದೆ. ಸರ್ಚ್ ಚೌಕ ನಾವು ಕೇಳಿದ್ದನ್ನು ಕೊಡುತ್ತದೆ, ಕೇಳಲು ಮರೆತದ್ದನ್ನು ತಾನಾಗಿ ಎತ್ತಿ ತೋರಿಸುವುದಿಲ್ಲ.

ಸರ್ಚ್ ಬೇಕು, ವಾದವಿಲ್ಲ. ಸಾವಿರಾರು ಫೈಲುಗಳ ಮುಂದೆ ಯಾರ ಕಣ್ಣೂ ಸೋಲುತ್ತದೆ. ಆದರೆ ಒಬ್ಬರು ಕೈಯಾರೆ ಇಟ್ಟದ್ದನ್ನು ಯಂತ್ರ ಕೇಳದೆ ಕದಲಿಸಬಾರದು. ವಿಂಡೋಸ್ ಬಳಸುವವರು ಡೆಸ್ಕ್‌ಟಾಪಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ವ್ಯೂ’ ಎಂಬಲ್ಲಿ ‘ಆಟೋ ಅರೇಂಜ್ ಐಕಾನ್ಸ್’ ಎದುರು ಟಿಕ್ ಇದ್ದರೆ ತೆಗೆದುಬಿಡಿ. ಫೋಲ್ಡರುಗಳ ಒಳಗೆ ಈ ಸ್ವಾತಂತ್ರ್ಯ 2009ರ ವಿಂಡೋಸ್ 7ರಿಂದಲೇ ಇಲ್ಲ.