ಕ್ರೆಡಿಟ್ ಲೆಕ್ಕದಲ್ಲಿ ಗಡಿಯ ಕನ್ನಡ

ನಮ್ಮ ಮಡಕಶಿರಾ ಸೀಮೆಯಲ್ಲಿ ಕ್ರೆಡಿಟ್ ಅಂದ್ರೆ ಸೊಸೈಟಿ ಸಾಲ, ಇಲ್ಲವೇ ಗೊಬ್ಬರದಂಗಡಿಯ ಉದ್ರಿ. ಮೊನ್ನೆ ಪಕ್ಕದ ಮನೆ ಹುಡುಗಿ ಡಿಗ್ರಿ ಪುಸ್ತಕ ಹಿಡಿದು ಬಂದು, "ದೊಡ್ಡಪ್ಪಾ, ಕನ್ನಡ ಪೇಪರ್‌ಗೆ ಕ್ರೆಡಿಟ್ ಬರ್ಬೇಕು, ಛಂದಸ್ಸು ಹೇಳ್ಕೊಡು" ಅಂದಳು. ಹತ್ತನೇ ತರಗತಿವರೆಗೆ ಅವಳದು ಕನ್ನಡ ಮಾಧ್ಯಮ. ಕಾಲೇಜಿನಲ್ಲಿ ಕನ್ನಡಕ್ಕೆ ಮೇಷ್ಟ್ರಿಲ್ಲ. "ಸ್ವಂತ ಓದಿಕೊಂಡು ಬರಿ, ಆಗಲಿಲ್ಲ ಅಂದ್ರೆ ತೆಲುಗು ತಗೋ" ಅಂದರಂತೆ.

ಕ್ರೆಡಿಟ್ ಲೆಕ್ಕ ಕಷ್ಟದ್ದೇನಲ್ಲ. ಸುಮಾರು 15 ಗಂಟೆ ಪಾಠಕ್ಕೆ 1 ಕ್ರೆಡಿಟ್. 2021ರಲ್ಲಿ ಯುಜಿಸಿ ಕ್ರೆಡಿಟ್ ಬ್ಯಾಂಕ್ ನಿಯಮ ತಂದಿತು. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ಟು ಪಾಸ್‌ಬುಕ್ಕಿನ ಜಮೆಯಂತೆ ಅವರ ಖಾತೆಯಲ್ಲಿ ಕೂಡುತ್ತದೆ. ಅದೇ ವರ್ಷದ ಇನ್ನೊಂದು ನಿಯಮದ ಪ್ರಕಾರ, ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ಪಾಠಗಳಿಂದ ತರಬಹುದು. ಕಾಲೇಜಿನಲ್ಲಿ ಮೇಷ್ಟ್ರಿಲ್ಲದ ವಿಷಯವನ್ನೂ ಹೊರಗಿನಿಂದ ಓದಿ ಜಮೆ ಮಾಡಿಸುವ ದಾರಿ ಕಾಗದದ ಮೇಲೆ ಇದೆ ಅಂತಾಯಿತು.

ಆದರೆ ಗಡಿಯವರ ಗೋಳು ಬೇರೆ. ಸಂವಿಧಾನದ 350ಎ ವಿಧಿ ಮಾತೃಭಾಷೆಯ ಪಾಠದ ಮಾತಾಡುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಕಾಲೇಜಿಗೆ ಬಂದರೆ ಎಲ್ಲ ತಲೆ ಎಣಿಕೆ. ಮಕ್ಕಳಿಲ್ಲ ಅಂತ ಮೇಷ್ಟ್ರನ್ನು ಹಾಕೋದಿಲ್ಲ, ಮೇಷ್ಟ್ರಿಲ್ಲ ಅಂತ ಮಕ್ಕಳು ಸೇರೋದಿಲ್ಲ. ಬಾವಿ ಬತ್ತಿತೆಂದು ಮೋಟರ್ ಕಿತ್ತರು, ಮೋಟರ್ ಇಲ್ಲವೆಂದು ಬಾವಿ ಮುಚ್ಚಿದರು. ಹೀಗೆ ನಾಲ್ಕು ವರ್ಷ ಕಳೆದರೆ ನಮ್ಮ ಕನ್ನಡ ಶಾಲೆಗಳಿಗೆ ನಾಳೆ ಮೇಷ್ಟ್ರಾಗುವವರು ಯಾರು? ಇದು ಬರೀ ಒಬ್ಬ ಹುಡುಗಿಯ ಪೇಪರಿನ ಮಾತಲ್ಲ.

ಪಾಠಕ್ಕೆ ಕೂತ ಮೇಲೆ ಒಂದು ಸಂಗತಿ ಕಂಡಿತು. ಎರಡು ಭಾಷೆ ಬಲ್ಲವರಿಗೆ ಈ ಪರೀಕ್ಷೆ ಅರ್ಧ ಹಗುರ. ಕಂದ, ಉತ್ಪಲಮಾಲೆ, ಚಂಪಕಮಾಲೆ ತೆಲುಗಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಎರಡನೇ ಅಕ್ಷರದ ಪ್ರಾಸವೂ ಎರಡು ಕಡೆ ಉಂಟು. ತೆಲುಗಿಗೆ ಯತಿಮೈತ್ರಿ ಬೇಕೇ ಬೇಕು. ಕನ್ನಡ ಕವಿಗಳು ಯತಿಯನ್ನು ದಾಟಿಯೇ ನಡೆದರು. ಈ ವ್ಯತ್ಯಾಸ ಹೇಳುತ್ತಲೇ ಹುಡುಗಿ ಗಣ ಹಾಕಿ ತೋರಿಸಿದಳು. ಪಂಪನ ತಮ್ಮ ಜಿನವಲ್ಲಭ ಕರೀಂನಗರ ಕಡೆಯ ಕುರ್ಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಬರೆಸಿದ. ಸಾವಿರ ವರ್ಷದ ಹಿಂದೆ ಇಲ್ಲದ ಜಗಳ ಈಗೇಕೆ? ನಮ್ಮ ಹೇಮಾವತಿಯೂ ಒಂದು ಕಾಲಕ್ಕೆ ಕನ್ನಡ ಶಾಸನ ಕೆತ್ತಿಸಿದ ನೊಳಂಬರ ಹೆಂಜೇರು.

ಈಗ ಆಗಬೇಕಾದ್ದು ಮೂರು. ಕರ್ನಾಟಕದ ವಿಶ್ವವಿದ್ಯಾಲಯಗಳು ಕನ್ನಡ ಸಾಹಿತ್ಯದ ಪೂರ್ಣ ಕೋರ್ಸುಗಳನ್ನು ಕನ್ನಡದಲ್ಲೇ ‘ಸ್ವಯಂ’ಗೆ ಕೊಡಲಿ. ಅವುಗಳ ಕ್ರೆಡಿಟ್ಟನ್ನು ಎರಡನೇ ಭಾಷೆಯ ಪೇಪರಿಗೆ ಒಪ್ಪುವಂತೆ ಕರ್ನಾಟಕ ಸರ್ಕಾರ ಆಂಧ್ರದ ಜೊತೆ ಕೂತು ಮಾತಾಡಲಿ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಭವನ ಕಟ್ಟುವ ಹಣದಲ್ಲಿ ಸ್ವಲ್ಪ ಉಳಿಸಿ ಪಠ್ಯಪುಸ್ತಕ, ಪರೀಕ್ಷಾ ಶುಲ್ಕ ಕೊಡಲಿ.

ಪಾಲಕರಿಗೂ ಒಂದು ಮಾತು. ಕೋರ್ಸಿಗೆ ಹೆಸರು ಹಚ್ಚುವ ಮುಂಚೆ, ಕ್ರೆಡಿಟ್ ಒಪ್ಪುತ್ತೇವೆ ಅಂತ ಕಾಲೇಜಿನಿಂದ ಬರಹದಲ್ಲಿ ತಗೊಳ್ಳಿ. ಮಂಡಿಯಲ್ಲಿ ಚೀಟಿಯಿಲ್ಲದೆ ಮೂಟೆ ಇಳಿಸ್ತೀವಾ? ಹುಡುಗಿ ಕನ್ನಡವನ್ನೇ ಬರೆಯುತ್ತೇನೆ ಅಂದಿದ್ದಾಳೆ. ಅವಳು ಬರೆದದ್ದು ಜಮೆಯಾಗುವಂತೆ ನೋಡಿಕೊಳ್ಳುವುದು ದೊಡ್ಡವರ ಕೆಲಸ.